ಬೇರಿನ ಬದಲು ಕಡ್ಡಿ, ಚಕ್ಕೆಯ ಬದಲು ಎಲೆ: ಮದ್ದಿನ ಗಿಡಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನಲ್ಲಿ ಮದ್ದಿನ ಗಿಡಗಳ ಒಂದು ಪುಟ್ಟ ನರ್ಸರಿ ನಮ್ಮದು. ಸಸಿ ಒಯ್ಯಲು ಬರುವವರು, ನಾಟಿವೈದ್ಯರು, ಆಯುರ್ವೇದ ಓದುವ ಮಕ್ಕಳು, ಪತ್ರ ಬರೆಯುವವರು, ಫೋನ್ ಮಾಡುವವರು ಎಲ್ಲರೂ ಕೇಳುವ ಪ್ರಶ್ನೆಗಳಲ್ಲಿ ಕೆಲವು ಮತ್ತೆ ಮತ್ತೆ ಬರುತ್ತವೆ. ಅವನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಇಲ್ಲಿರುವುದು ಗಿಡದ ವಿಷಯ. ಕಾಯಿಲೆಗೆ ಮದ್ದು ಬೇಕಿದ್ದರೆ ವೈದ್ಯರನ್ನೇ ಕಾಣಬೇಕು.

## ಮೊದಲ ಪ್ರಶ್ನೆಗಳು

ಬೇರಿನ ಬದಲು ಎಲೆ ಬಳಸಿ ಅಂತೀರಲ್ಲ, ಹಾಗಂದ್ರೆ ಏನು?

ಒಂದೇ ಗಿಡದಿಂದ ಮದ್ದು ಪಡೆಯಲು ಬೇರೆ ಬೇರೆ ದಾರಿ ಇರುತ್ತದೆ. ಬೇರು ಕಿತ್ತರೆ ಗಿಡ ಸಾಯುತ್ತದೆ. ಸುತ್ತಲೂ ಚಕ್ಕೆ, ಅಂದರೆ ತೊಗಟೆ, ಸುಲಿದರೆ ಮರ ಸಾಯುತ್ತದೆ. ಎಲೆ, ಎಳೆ ಕಡ್ಡಿ, ಕಾಯಿ ತೆಗೆದರೆ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಹಾಗಾಗಿ ಬೇರಿನಲ್ಲಿರುವ ಗುಣವೇ ಎಲೆಯಲ್ಲೋ ಕಡ್ಡಿಯಲ್ಲೋ ಇದೆಯಾ ಎಂದು ನೋಡುವುದು, ಇದ್ದರೆ ಅದನ್ನು ಬಳಸುವುದು. ವಿಷಯ ಇಷ್ಟೇ. ಆದರೆ "ಇದ್ದರೆ" ಎಂಬ ಮಾತಿನಲ್ಲೇ ಎಲ್ಲವೂ ಇದೆ. ಈ ಪುಟದ ಉದ್ದಕ್ಕೂ ನಾನು ಹೇಳುವುದು ಅದನ್ನೇ: ಗಿಡ ಗಿಡಕ್ಕೂ ಉತ್ತರ ಬೇರೆ.

ಕಾಡಲ್ಲಿ ತಾನಾಗೇ ಹುಟ್ಟೋ ಗಿಡ, ಅದು ಮುಗಿದು ಹೋಗುತ್ತಾ?

ಹೋಗುತ್ತದೆ. ರಾಷ್ಟ್ರೀಯ ಔಷಧಿ ಸಸ್ಯಗಳ ಮಂಡಳಿ 2017ರಲ್ಲಿ ಹೊರತಂದ ವರದಿ ಪ್ರಕಾರ ನಮ್ಮ ದೇಶದಲ್ಲಿ 1178 ಜಾತಿಯ ಮದ್ದಿನ ಗಿಡಗಳ ವ್ಯಾಪಾರ ನಡೆಯುತ್ತದೆ. ಅದರಲ್ಲಿ 242 ಜಾತಿಗಳು ವರ್ಷಕ್ಕೆ 100 ಟನ್ನಿಗಿಂತ ಜಾಸ್ತಿ ಬೇಕಾಗುತ್ತವೆ. ಆ ಪೈಕಿ ಬಹುಪಾಲು ಈಗಲೂ ಕಾಡಿನಿಂದಲೇ ಬರುತ್ತವೆ. ಹಿಂದೆ ಊರಿನ ಪಂಡಿತರು ಒಬ್ಬ ರೋಗಿಗೆ ಒಂದು ಬೆರಳುದ್ದ ಬೇರು ತರುತ್ತಿದ್ದರು. ಈಗ ಕಾರ್ಖಾನೆಗೆ ಲೋಡುಗಟ್ಟಲೆ ಬೇಕು. ಬೇರು ಅದೇ, ಕಾಡು ಅದೇ. ಕೀಳುವ ಲೆಕ್ಕ ಮಾತ್ರ ಬದಲಾಯಿತು.

ಸ್ವಲ್ಪ ಚಕ್ಕೆ ಕೆತ್ತಿದ್ರೆ ಮರಕ್ಕೇನಾಗುತ್ತೆ ಬಿಡಿ?

ಎಷ್ಟು ಕೆತ್ತುತ್ತೀರಿ, ಎಷ್ಟು ಆಳಕ್ಕೆ ಕೆತ್ತುತ್ತೀರಿ ಎನ್ನುವುದರ ಮೇಲಿದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಚಕ್ಕೆಯ ಒಳಪದರದಲ್ಲಿ. ಮರದ ಸುತ್ತ ಬಳೆಯ ಹಾಗೆ ಆ ಪದರ ಕಿತ್ತರೆ ಬೇರಿಗೆ ಊಟ ನಿಂತುಹೋಗುತ್ತದೆ. ಮರ ತಕ್ಷಣ ಸಾಯುವುದಿಲ್ಲ. ಕೆಲವು ತಿಂಗಳು ಹಸಿರಾಗಿಯೇ ಇರುತ್ತದೆ. ಅದಕ್ಕೇ ಚಕ್ಕೆ ತೆಗೆದವರಿಗೆ ತಾವು ಏನು ಮಾಡಿದೆವು ಎಂದು ಗೊತ್ತೇ ಆಗುವುದಿಲ್ಲ.

ನಮ್ಮ ತೋಟದ ಅಂಚಿನಲ್ಲಿ ಅಜ್ಜ ನೆಟ್ಟ ಒಂದು ಅಶೋಕ ಇತ್ತು. ಕೇಳಿದವರಿಗೆಲ್ಲ ಬೇಡ ಎನ್ನದೆ ಕೊಟ್ಟೆವು. ಒಬ್ಬರು ಒಂದು ಕಡೆ ಕೆತ್ತಿದರು, ಇನ್ನೊಬ್ಬರು ಇನ್ನೊಂದು ಕಡೆ. ಮೂರನೇ ಬೇಸಿಗೆಗೆ ಎಲ್ಲ ಗಾಯಗಳೂ ಸುತ್ತ ಕೂಡಿಕೊಂಡವು. ಮರ ಒಣಗಿತು. ಈ ನರ್ಸರಿ ಶುರುವಾಗಿದ್ದು ಆ ಮರದ ಬೀಜದಿಂದ ಎದ್ದ ಸಸಿಗಳಿಂದ.

ಹೊಳೆಮತ್ತಿಯ, ಅಂದರೆ ಅರ್ಜುನ ಮರದ ವಿಷಯದಲ್ಲಿ ಮಧ್ಯ ಭಾರತದಲ್ಲಿ ಒಳ್ಳೆಯ ಕೆಲಸ ಆಗಿದೆ. ದಪ್ಪ ಮರ ಆರಿಸಿ, ಸುತ್ತಳತೆಯ ಕಾಲು ಭಾಗದಲ್ಲಿ ಮಾತ್ರ, ಒಳಪದರ ಬಿಟ್ಟು ಹೊರಗಿನ ಚಕ್ಕೆಯನ್ನಷ್ಟೇ ಉದ್ದಕ್ಕೆ ತೆಗೆದರೆ ಚಕ್ಕೆ ಮತ್ತೆ ಬೆಳೆಯುತ್ತದೆ. ಅದು ತುಂಬಿಕೊಂಡ ಮೇಲೆ ಎದುರಿನ ಬದಿಗೆ ಹೋಗಬೇಕು.

ಒಂದೇ ಗಿಡ ತಾನೇ? ಎಲೆಗೂ ಬೇರಿಗೂ ಒಂದೇ ಗುಣ ಇರುತ್ತಲ್ವಾ?

ಈ ನಂಬಿಕೆ ಅಪಾಯದ್ದು. ಆಲೂಗಡ್ಡೆ ದಿನಾ ತಿನ್ನುತ್ತೇವೆ. ಅದೇ ಗಿಡದ ಹಸಿರು ಕಾಯಿ ವಿಷ. ಹರಳೆಣ್ಣೆ ಕುಡಿಸುತ್ತೇವೆ. ಅದೇ ಹರಳು ಬೀಜವನ್ನು ಹಸಿಯಾಗಿ ಜಗಿದರೆ ಅದರಲ್ಲಿರುವ ರೈಸಿನ್ ಜೀವಕ್ಕೇ ಕುತ್ತು. ಗಿಡ ತನಗೆ ಬೇಕಾದ ಕಡೆ ಬೇಕಾದ್ದನ್ನು ಇಡುತ್ತದೆ. ಹುಳ ಕಚ್ಚುವ ಕಡೆ ಕಹಿ, ಕೂಡಿಡುವ ಕಡೆ ಹಿಟ್ಟು, ಹಕ್ಕಿ ಬರಬೇಕಾದ ಕಡೆ ಸಿಹಿ. ನಮ್ಮ ಮದ್ದಿನ ಲೆಕ್ಕ ಅದಕ್ಕೆ ಗೊತ್ತಿಲ್ಲ.

ಹಾಗಾದ್ರೆ ಎಲೆ, ಹೂವು, ಕಾಯಿ ಎಷ್ಟು ಬೇಕಾದ್ರೂ ಕೀಳಬಹುದು ಅಲ್ವಾ?

ಇಲ್ಲ. ಉತ್ತರ ಕನ್ನಡದ ಉಪ್ಪಾಗೆ ಎಂಬ ಹುಳಿ ಕಾಯಿಯ ಮರ ನೆನಪಿಸಿಕೊಳ್ಳಿ. ಅದರ ಸಿಪ್ಪೆ ಮೊದಲು ಊರಿನ ಅಡುಗೆಗೆ, ಹುಳಿಗೆ ಅಷ್ಟೇ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆ ಬೇಡಿಕೆ ಬಂತು. ಯಾರು ಮೊದಲು ಕೊಯ್ಯುತ್ತಾರೋ ಅವರಿಗೆ ದುಡ್ಡು. ಬಲಿಯುವ ಮೊದಲೇ ಕಾಯಿ ಕೊಯ್ದರು, ಎತ್ತರದ ಕೊಂಬೆಗಳನ್ನೇ ಕಡಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಸೌದೆಯೇ ಉರಿಯಿತು. ತೆಗೆದದ್ದು ಬರೀ ಕಾಯಿ. ಆದರೂ ಮರಕ್ಕೂ ಪೆಟ್ಟು, ಮುಂದಿನ ಸಸಿಗೂ ಪೆಟ್ಟು.

ಕಾಯಿ ಪೂರ್ತಿ ಕೊಯ್ದರೆ ಬೀಜ ಎಲ್ಲಿ ಬೀಳಬೇಕು? ಎಲೆ ಪೂರ್ತಿ ತರಿದರೆ ಗಿಡ ಏನು ತಿನ್ನಬೇಕು? ಭಾಗ ಬದಲಿಸಿದ ಮೇಲೂ ಮಿತಿ ಬೇಕು.

## ಶಾಸ್ತ್ರ ಮತ್ತು ರೂಢಿ

ಶಾಸ್ತ್ರದಲ್ಲಿ ಬೇರು ಅಂತಲೇ ಬರೆದಿದ್ದಾರೆ. ನೀವ್ಯಾರು ಬದಲಿಸೋಕೆ?

ನ್ಯಾಯವಾದ ಪ್ರಶ್ನೆ. ಹಿರಿಯ ವೈದ್ಯರೊಬ್ಬರು ನನ್ನನ್ನು ಹೀಗೇ ಕೇಳಿದ್ದರು. ಶಾಸ್ತ್ರ ಏನು ಹೇಳುತ್ತದೆ ನೋಡೋಣ.

ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯ ಮೊದಲ ಅಧ್ಯಾಯದಲ್ಲೇ ಒಂದು ನಿಯಮ ಇದೆ. ಯಾವ ಭಾಗ ಎಂದು ಹೇಳಿರದಿದ್ದರೆ ಬೇರು ತೆಗೆದುಕೊಳ್ಳಿ ಎಂದು. ಅಲ್ಲಿಗೇ ನಿಲ್ಲುವುದಿಲ್ಲ. ಬೇರು ತೀರಾ ದಪ್ಪ ಇದ್ದರೆ ಅದರ ಸಿಪ್ಪೆ, ಸಣ್ಣದಾದರೆ ಪೂರ್ತಿ ಬೇರು. ಆಲದಂಥ ಮರಗಳಿಗೆ ಚಕ್ಕೆ, ಹೊನ್ನೆಯಂಥವಕ್ಕೆ ತಿರುಳು, ತಾಲೀಸದಂಥವಕ್ಕೆ ಎಲೆ, ತ್ರಿಫಲದಂಥವಕ್ಕೆ ಕಾಯಿ. ಅಂದರೆ ಆ ಕಾಲದಲ್ಲೇ ಗಿಡದ ಸ್ವಭಾವ ನೋಡಿ ಭಾಗ ಆರಿಸುತ್ತಿದ್ದರು.

ಚರಕ ಸಂಹಿತೆಯ ಕಲ್ಪಸ್ಥಾನ ಯಾವಾಗ ಏನು ಕೀಳಬೇಕೆಂದು ಹೇಳುತ್ತದೆ. ಕೊಂಬೆ, ಎಲೆ ಮಳೆಗಾಲದಲ್ಲಿ ಮತ್ತು ವಸಂತದಲ್ಲಿ. ಬೇರು ಬೇಸಿಗೆಯಲ್ಲಿ ಅಥವಾ ಎಲೆ ಉದುರುವ ಶಿಶಿರದಲ್ಲಿ. ಚಕ್ಕೆ, ಗೆಡ್ಡೆ, ಹಾಲು ಶರದೃತುವಿನಲ್ಲಿ. ವರ್ಷವಿಡೀ ಬೇರು ಅಗೆಯುವ ಈಗಿನ ವ್ಯಾಪಾರ ಈ ಮಾತನ್ನು ಪಾಲಿಸುತ್ತಿದೆಯಾ?

16ನೇ ಶತಮಾನದ ಭಾವಪ್ರಕಾಶದಲ್ಲಿ ಸಿಗದ ಗಿಡಕ್ಕೆ ಬದಲಿ ಗಿಡಗಳ ಪಟ್ಟಿಯೇ ಇದೆ. ಮೇದಾ, ಮಹಾಮೇದಾ ಸಿಗದಿದ್ದರೆ ಶತಾವರಿ. ಕಾಕೋಲಿ, ಕ್ಷೀರಕಾಕೋಲಿ ಸಿಗದಿದ್ದರೆ ಅಶ್ವಗಂಧ. ಸಿಗದಿದ್ದಾಗ ಬದಲಿ ಹುಡುಕುವುದು ಶಾಸ್ತ್ರದೊಳಗಿನ ದಾರಿಯೇ. ನಾವು ಕೇಳುವುದು ಒಂದೇ ಹೆಚ್ಚು: ಪೂರ್ತಿ ಸಿಗದೇ ಹೋಗುವ ಮುಂಚೆಯೇ ಹುಡುಕೋಣ ಎಂದು.

ನಮ್ಮ ಹಿರಿಯರು ಹೀಗೆ ಭಾಗ ಬದಲಿಸಿದ ಉದಾಹರಣೆ ಇದೆಯಾ?

ಕೊಡಸಿಗೆ ಮರ ನೋಡಿ. ಆಮಶಂಕೆಗೆ, ಭೇದಿಗೆ ಅದರ ಚಕ್ಕೆ ಹೆಸರುವಾಸಿ. ಅದೇ ಮರದ ಬೀಜಕ್ಕೆ ಇಂದ್ರಯವ ಎಂಬ ಬೇರೆ ಹೆಸರೇ ಇದೆ. ಅದನ್ನೂ ಅದೇ ಬಗೆಯ ತೊಂದರೆಗೆ ಬಳಸುತ್ತಾರೆ. ಮಲೆನಾಡಿನ ಮನೆಗಳಲ್ಲಿ ಅದರ ಹೂವನ್ನು ಒಣಗಿಸಿಟ್ಟು ಹೊಟ್ಟೆ ಕೆಟ್ಟಾಗ ತಂಬುಳಿ ಮಾಡುತ್ತಾರೆ. ಒಂದು ಮರ, ಮೂರು ಭಾಗ. ಅವರು ಇದಕ್ಕೆ ದೊಡ್ಡ ಹೆಸರೇನೂ ಇಡಲಿಲ್ಲ.

ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆ ತೆಗೀತೀವಿ. ಅದೂ ತಪ್ಪಾ?

ತಪ್ಪಲ್ಲ. ಆ ದಿನ ಹಾಲೆಯ ಕೆತ್ತೆ, ಅಂದರೆ ಚಕ್ಕೆ, ತಂದು ಕಷಾಯ ಕುಡಿಯುವ ಕರಾವಳಿಯ ರೂಢಿಯನ್ನು ನಾನು ಗೌರವಿಸುತ್ತೇನೆ. ಬೆಳಕು ಹರಿಯುವ ಮುಂಚೆ ಹೋಗಬೇಕು, ಕತ್ತಿ ಬಳಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು ಎನ್ನುತ್ತಾರೆ. ವರ್ಷಕ್ಕೆ ಒಂದೇ ದಿನ, ಮನೆಗೆ ಒಂದು ಹಿಡಿ, ಅದೂ ಕಲ್ಲಿನಲ್ಲಿ ಜಜ್ಜಿದಷ್ಟು. ಈ ಕಟ್ಟಳೆಯಲ್ಲೇ ಮರ ಉಳಿಯುವ ಮಿತಿ ಇದೆ ಎಂದು ನನಗೆ ಅನಿಸುತ್ತದೆ. ಊರಿಗೆಲ್ಲ ಒಂದೇ ಮರ ಉಳಿದು, ನೂರು ಮನೆಯವರು ಅದಕ್ಕೇ ಬಂದರೆ ಆ ಮಿತಿ ಮುರಿಯುತ್ತದೆ. ಆದಷ್ಟು ಹೆಚ್ಚು ಹಾಲೆ ಮರ ನೆಡಿ. ಹಗಲಲ್ಲೇ ಮರ ಗುರುತು ಮಾಡಿ ಇಟ್ಟುಕೊಳ್ಳಿ. ಕತ್ತಲಲ್ಲಿ ಬೇರೆ ಮರದ ಕೆತ್ತೆ ತಂದು ಕುಡಿದರೆ ಪ್ರಾಣಕ್ಕೇ ಅಪಾಯ.

## ಒಂದೊಂದು ಗಿಡದ ಕತೆ

ದಶಮೂಲ ಅಂದ್ರೆ ಹತ್ತು ಬೇರು. ಅಷ್ಟೊಂದು ಬೇರು ಎಲ್ಲಿಂದ ಬರುತ್ತೆ?

ನಾನು ಅತಿ ಹೆಚ್ಚು ಯೋಚಿಸುವ ವಿಷಯ ಇದು. ದಶಮೂಲದಲ್ಲಿ ಐದು ಸಣ್ಣ ಗಿಡಗಳು: ಶಾಲಪರ್ಣಿ, ಪೃಶ್ನಿಪರ್ಣಿ, ಕಾಡುಗುಳ್ಳ, ನೆಲಗುಳ್ಳ, ನೆಗ್ಗಿಲು. ಇನ್ನೈದು ಮರಗಳು: ಬಿಲ್ವ, ಅಗ್ನಿಮಂಥ, ತಿಗಡು, ಶಿವನಿ, ಪಾದರಿ. ದಶಮೂಲಾರಿಷ್ಟ ಬಾಣಂತಿಯರಿಗೆ ಕೊಡುವುದು ಎಲ್ಲರಿಗೂ ಗೊತ್ತು. ಚ್ಯವನಪ್ರಾಶದಲ್ಲೂ ಇವೇ ಗಿಡಗಳಿವೆ. ಚಳಿಗಾಲದಲ್ಲಿ ಮನೆಮನೆಯಲ್ಲೂ ಚಮಚ ಚಮಚ ತಿನ್ನುವಾಗ ಇದು ನೆನಪಿಗೆ ಬರುವುದಿಲ್ಲ, ಅಲ್ವಾ?

ಸಣ್ಣ ಗಿಡಗಳು ಬೇಗ ಬೆಳೆಯುತ್ತವೆ. ಹೊಲದಲ್ಲಿ ಬೆಳೆಸಿ, ಬೀಜ ಉದುರಿದ ಮೇಲೆ ಕಿತ್ತರೆ ಅಂಥ ನಷ್ಟ ಇಲ್ಲ. ಮರಗಳ ಲೆಕ್ಕ ಬೇರೆ. ಮರದ ಬೇರು ಒಂದೇ ಸಲ ಸಿಗುತ್ತದೆ. ಕಾರ್ಖಾನೆಗೆ ಸಾಲುವಷ್ಟು ಬೇರು ಬೇಕೆಂದರೆ ಮರ ಉರುಳಬೇಕು. ಅದಕ್ಕೇ ಮಾರುಕಟ್ಟೆಯಲ್ಲಿ ಬೇರಿನ ಹೆಸರಲ್ಲಿ ಕಾಂಡದ ಚಕ್ಕೆ ಬರುತ್ತಿರುವುದು ಬಹಳ ಕಾಲದಿಂದ ನಡೆದಿದೆ. ಬದಲಾವಣೆ ಆಗಲೇ ಆಗಿಬಿಟ್ಟಿದೆ. ಪರೀಕ್ಷೆ ಮಾಡದೆ, ಹೇಳದೆ ಆಗಿದೆ. ನನಗೆ ಬೇಸರ ಇರುವುದು ಇಲ್ಲೇ. ಸುತ್ತ ಚಕ್ಕೆ ಸುಲಿದರೂ ಮರ ಉಳಿಯುವುದಿಲ್ಲವಲ್ಲ. ಗುಣಕ್ಕೂ ಖಾತ್ರಿ ಇಲ್ಲ, ಮರಕ್ಕೂ ಉಳಿವಿಲ್ಲ.

ಇದಕ್ಕಿಂತ ಒಳ್ಳೆಯದು ಎಳೆ ಕೊಂಬೆಗಳ ದಾರಿ. ಕೊಂಬೆ ಸವರಿದರೆ ಮರ ಮತ್ತೆ ಚಿಗುರುತ್ತದೆ. ಮಲೆನಾಡಿನ ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಲ್ಲಿ ತಲೆಮಾರುಗಳಿಂದ ಸೊಪ್ಪು ಸವರುತ್ತಲೇ ಬಂದಿದ್ದಾರೆ. ತಿಗಡು, ಶಿವನಿ, ಬಿಲ್ವಗಳ ಎಳೆ ಕೊಂಬೆಯನ್ನು ಬೇರಿನ ಜೊತೆ ಹೋಲಿಸಿ ನೋಡುವ ಕೆಲಸ ಆಯುರ್ವೇದ ಸಂಸ್ಥೆಗಳಲ್ಲಿ ನಡೆದಿದೆ. ಅಗ್ನಿಮಂಥದ ಹೆಸರಲ್ಲಿ ಬಳಸುವ ಪ್ರೆಮ್ನಾ ಜಾತಿಯ ಒಂದು ಗಿಡವನ್ನು ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದವರು ಭಾಗ ಭಾಗವಾಗಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಬೇರಿನ ಬದಲು ನೆಲದ ಮೇಲಿನ ಭಾಗ ಬಳಸಿ ಗಿಡ ಉಳಿಸಬಹುದೇ ಎಂಬುದೇ ಅವರ ಪ್ರಶ್ನೆ. ಹತ್ತಕ್ಕೂ ಹೀಗೆ ಪೂರ್ತಿ ಕೆಲಸ ಆಗಿ, ಯಾವ ಮದ್ದಿಗೆ ಯಾವ ಭಾಗ ಎಂದು ನಿಗದಿ ಮಾಡುವ ಸರ್ಕಾರದ ಔಷಧಕೋಶಕ್ಕೆ ಸೇರಬೇಕು. ಅಲ್ಲಿಯ ತನಕ ದಶಮೂಲದ ಐದು ಮರಗಳನ್ನು ಯಾರು ನೆಡುತ್ತಾರೋ ಅವರಿಗೆ ನನ್ನ ಕೈ ಮುಗಿತ.

ನಮ್ಮನೆ ಮುಂದೆ ಎತ್ತರದ ಅಶೋಕ ಮರ ಇದೆ. ಅದರ ಚಕ್ಕೆ ಕಷಾಯ ಮಾಡಬಹುದಾ?

ಮಾಡಬೇಡಿ. ಕಾಂಪೌಂಡ್ ಪಕ್ಕ ನೇರವಾಗಿ ಕಂಬದ ಹಾಗೆ ಬೆಳೆದು, ಎಲೆ ಕೆಳಕ್ಕೆ ಜೋತಾಡುವ ಮರ ಪಾಲಿಆಲ್ಥಿಯಾ. ಮದ್ದಿನ ಅಶೋಕ ಬೇರೆ. ಸೀತೆ ಕುಳಿತ ಮರ ಎನ್ನುತ್ತೇವಲ್ಲ, ಅದು. ಕೊಂಬೆಗೇ ಅಂಟಿಕೊಂಡು ಕಿತ್ತಳೆ ಬಣ್ಣದ ಹೂಗೊಂಚಲು ಬಿಡುತ್ತದೆ. ಚಿಗುರು ತಾಮ್ರದ ಬಣ್ಣ, ಮೆತ್ತಗೆ ಜೋತಿರುತ್ತದೆ.

ಗೊಂದಲ ನಿಮ್ಮೊಬ್ಬರದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಅಂಗಡಿಗಳಲ್ಲಿ ಮಾರುವ ಅಶೋಕದ ಚಕ್ಕೆಯ ಡಿಎನ್‌ಎ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಐದರಲ್ಲಿ ನಾಲ್ಕು ಮಾದರಿಗಳು ಅಶೋಕವೇ ಅಲ್ಲ. ನಿಜವಾದ ಮರ ಕಾಡಿನಲ್ಲಿ ವಿರಳವಾದಾಗ ಕಲಬೆರಕೆ ಬರುತ್ತದೆ. ಗಿಡ ಉಳಿಸುವುದು, ರೋಗಿಗೆ ಸರಿಯಾದ ಮದ್ದು ಕೊಡುವುದು ಎರಡೂ ಒಂದೇ ಕೆಲಸ ಎಂದು ನಾನು ಹೇಳುವುದು ಇದಕ್ಕೇ.

ಅಶೋಕಕ್ಕೆ ಎಲೆಯನ್ನು ಬದಲಿ ಎಂದು ಯಾರೂ ಒಪ್ಪಿಲ್ಲ. ಚಕ್ಕೆಯೇ ಬೇಕು. ಆದರೆ ಬೊಡ್ಡೆಯ ಚಕ್ಕೆಯೇ ಯಾಕೆ? ಬೆಳೆಸಿದ ಮರದ ಕೊಂಬೆ ಸವರಿ ಆ ಕೊಂಬೆಯ ಚಕ್ಕೆ ತೆಗೆಯಬಹುದು. ಭಾಗ ಅದೇ, ಜಾಗ ಮಾತ್ರ ಬೇರೆ. ನನಗೆ ಇದು ಎಲ್ಲಕ್ಕಿಂತ ಮೆದುವಾದ ಬದಲಾವಣೆ ಎನಿಸುತ್ತದೆ.

ಅಶ್ವಗಂಧದ ಎಲೆ ಸುಮ್ನೆ ಹಾಳಾಗುತ್ತೆ. ಬೇರಿನ ಬದಲು ಅದನ್ನೇ ಬಳಸಬಾರದಾ?

ಬಳಸಬಾರದು. ಅಶ್ವಗಂಧದ ಎಲೆಯಲ್ಲಿ ವಿಥಾಫೆರಿನ್ ಎ ಎಂಬ ಅಂಶ ಬೇರಿಗಿಂತ ಜಾಸ್ತಿ. ಅದು ಜೀವಕೋಶಗಳಿಗೆ ಹಾನಿ ಮಾಡಬಲ್ಲದು. 2021ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯ ತಯಾರಕರಿಗೆ ಅಶ್ವಗಂಧದ ಎಲೆ ಬಳಸಬೇಡಿ ಎಂದು ಸೂಚನೆ ಕೊಟ್ಟಿತು. ಅಲ್ಲದೆ ಇಲ್ಲಿ ಗಿಡ ಉಳಿಸುವ ಕಾರಣವೂ ಇಲ್ಲ. ಅಶ್ವಗಂಧ ಹೊಲದ ಬೆಳೆ. ಬಿತ್ತಿದ ಕೆಲವೇ ತಿಂಗಳಿಗೆ ಬೇರು ಬರುತ್ತದೆ. ಎಲೆ ಬೆರೆಸುವುದು ಖರ್ಚು ಉಳಿಸಲು ಮಾತ್ರ.

ಮಾಕಳಿ ಬೇರಿನ ಉಪ್ಪಿನಕಾಯಿ ಇಲ್ದೆ ಊಟ ಇಳಿಯಲ್ಲ. ಅದಕ್ಕೂ ಬದಲಿ ಇದೆಯಾ?

ನಮ್ಮ ಮನೆಯಲ್ಲೂ ಅದೇ ಕತೆ. ಆ ಘಮ ಬೇರಿನಲ್ಲೇ ಇರುವುದು. ವೆನಿಲಾದ ಅಂಶಕ್ಕೆ ಬಹಳ ಹತ್ತಿರದ ಒಂದು ವಸ್ತುವಿನಿಂದ ಅದು ಬರುತ್ತದೆ. ಎಲೆ ಹಾಕಿ ಉಪ್ಪಿನಕಾಯಿ ಮಾಡಿದರೆ ಮಾಕಳಿ ಆಗುವುದಿಲ್ಲ. ಮದ್ದಿನಲ್ಲಂತೂ ಮಾಕಳಿಯೇ ಸೊಗದೆ ಬೇರಿನ ಬದಲಿಯಾಗಿ ಬಳಕೆಯಾಗುತ್ತದೆ. ಬದಲಿಗೇ ಈಗ ಬದಲಿ ಹುಡುಕುವ ಸ್ಥಿತಿ. ಈ ಬಳ್ಳಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಬೆಳೆಸಿದ ಬೇರು ಕೇಳಿ ತನ್ನಿ, ಕೊಂಚ ಕಡಿಮೆ ತನ್ನಿ. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಸಕ್ಕರೆ ಕಾಯಿಲೆಗೆ ಏಕನಾಯಕನ ಬೇರು ಹುಡುಕ್ತಾ ಇದ್ದೀವಿ. ಅದರ ಕಾಂಡ ಆಗುತ್ತಾ?

ಏಕನಾಯಕ, ಅಂದರೆ ಸಪ್ತರಂಗಿ, ಸಲೇಶಿಯಾ ಜಾತಿಯದು. ಸಕ್ಕರೆ ಒಡೆಯುವ ಕಿಣ್ವವನ್ನು ತಡೆಯುವ ಸಲಾಸಿನಾಲ್ ಎಂಬ ಅಂಶವನ್ನು 1990ರ ದಶಕದ ಕೊನೆಯಲ್ಲಿ ಜಪಾನಿನ ವಿಜ್ಞಾನಿಗಳು ಈ ಜಾತಿಯ ಗಿಡದಲ್ಲಿ ಗುರುತಿಸಿದರು. ಬೇರಿನಲ್ಲಿ ಮಾತ್ರ ಅಲ್ಲ, ಕಾಂಡದಲ್ಲೂ ಇದೆ. ಶ್ರೀಲಂಕಾದಲ್ಲಿ ಈ ಗಿಡದ ಕಟ್ಟಿಗೆಯಿಂದ ಲೋಟ ಕೆತ್ತಿ, ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿ ಇದೆ. ಹಾಗಾಗಿ ಇದು ಆಶೆ ಇರುವ ಗಿಡ. ಆದರೆ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಸ್ವಂತ ನಿರ್ಧಾರದಿಂದ ಇದನ್ನು ಸೇರಿಸಬೇಡಿ. ಸಕ್ಕರೆ ತೀರಾ ಇಳಿದು ಬವಳಿ ಬರಬಹುದು.

ಒಂದೆಲಗ, ನೆಲನೆಲ್ಲಿ ಬೇರು ಸಮೇತ ಕೀಳಬೇಕಾ?

ಬೇಕಿಲ್ಲ. ಒಂದೆಲಗದ ಎಲೆ ಮತ್ತು ತೊಟ್ಟು ಕತ್ತರಿಸಿ, ಹಂಬು ನೆಲದಲ್ಲೇ ಬಿಡಿ. ಎರಡು ವಾರದಲ್ಲಿ ಮತ್ತೆ ತಂಬುಳಿಗೆ ಸಿಗುತ್ತದೆ. ನೆಲನೆಲ್ಲಿಯಲ್ಲಿ ಫಿಲಾಂಥಿನ್ ಎಂಬ ಮುಖ್ಯ ಅಂಶ ಹೆಚ್ಚು ಇರುವುದು ಎಲೆಯಲ್ಲೇ. ಎಲೆಯ ಅಡಿಯಲ್ಲಿ ಕಾಯಿ ಬಲಿತು ಬೀಜ ಉದುರಲು ಶುರುವಾದ ಮೇಲೆ ಕುಡುಗೋಲಲ್ಲಿ ಕೊಯ್ದರೆ ಮುಂದಿನ ಮಳೆಗೆ ಅಲ್ಲೇ ಹುಟ್ಟುತ್ತದೆ.

ಹಲವು ಮಕ್ಕಳ ತಾಯಿ ಬೇರಿಗೆ ಬದಲಿ ಎಲೆ ಇದೆಯಾ?

ಇಲ್ಲ. ಬೇಕಾಗಿಯೂ ಇಲ್ಲ. ಹೆಸರೇ ಹೇಳುತ್ತದಲ್ಲ, ಶತಾವರಿಯ ಒಂದು ಬುಡಕ್ಕೆ ಹತ್ತಾರು ಗೆಡ್ಡೆ. ಒಂದು ಪಕ್ಕದ ಮಣ್ಣು ಬಿಡಿಸಿ ಅರ್ಧ ಗೆಡ್ಡೆ ತೆಗೆದು, ತಾಯಿ ಬುಡ ಅಲುಗಾಡಿಸದೆ ಮಣ್ಣು ಮುಚ್ಚಿ. ಬಜೆಯಲ್ಲಿ ಗೆಡ್ಡೆಯ ತುದಿ ಮುರಿದು ಕೆಸರಲ್ಲಿ ಮತ್ತೆ ನೆಡಿ. ಲಾವಂಚದಲ್ಲಿ ಬೇರು ಕತ್ತರಿಸಿಕೊಂಡು ಬುಡದ ಹಿಳ್ಳು ಮತ್ತೆ ಊರಿ.

ಅಮೃತಬಳ್ಳಿ?

ಅದರ ಕಾಂಡವೇ ಮದ್ದು. ಬೆರಳು ದಪ್ಪದ ಕಾಂಡ ಕತ್ತರಿಸಿ, ಒಂದು ತುಂಡು ಊರಿದರೆ ಸಾಕು. ಎಚ್ಚರ ಬೇಕಿರುವುದು ಗುರುತಿನಲ್ಲಿ. ಕಾಂಡದ ಮೇಲೆ ಸಣ್ಣ ಸಣ್ಣ ಗಂಟು ಗುಳ್ಳೆಗಳಿರುವ ಇನ್ನೊಂದು ಜಾತಿ ಇದೆ. ಅದು ಲಿವರಿಗೆ ಹಾನಿ ಮಾಡಬಹುದು.

ಶ್ರೀಗಂಧದ ಎಲೆಯಿಂದ ಎಣ್ಣೆ ಬರಲ್ವಾ? ಮರ ಕಡಿಯೋದು ತಪ್ಪುತ್ತಲ್ಲ.

ಬರುವುದಿಲ್ಲ. ಶ್ರೀಗಂಧದ ಎಣ್ಣೆ ಇರುವುದು ತಿರುಳಿನಲ್ಲಿ ಮತ್ತು ಬೇರಿನಲ್ಲಿ. ಅದು ಕೂಡಲು ವರ್ಷಗಳೇ ಬೇಕು. ಹೊನ್ನೆಯೂ ಹಾಗೇ. ತಿರುಳಿನ ಮದ್ದಿಗೆ ಎಳೆ ಭಾಗದಲ್ಲಿ ಬದಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಬೇರೆ ದೇಶದಲ್ಲಿ ಇದು ನಿಜವಾಗ್ಲೂ ಗೆದ್ದಿದೆಯಾ?

ಗೆದ್ದಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನಲ್ಲಿ ಪೆಸಿಫಿಕ್ ಯೂ ಎಂಬ ನಿಧಾನವಾಗಿ ಬೆಳೆಯುವ ಮರ ಇದೆ. 1962ರಲ್ಲಿ ಅದರ ಚಕ್ಕೆಯ ಮಾದರಿ ಸಂಗ್ರಹಿಸಿದರು. ಅದರಲ್ಲಿದ್ದ ಟ್ಯಾಕ್ಸಾಲ್ ಎಂಬ ಅಂಶದ ರಚನೆಯನ್ನು ಮನ್ಸುಖ್ ವಾನಿ, ಮನ್ರೋ ವಾಲ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. 1992ರ ಕೊನೆಗೆ ಅಂಡಾಶಯದ ಕ್ಯಾನ್ಸರಿಗೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಮರ ಕಡಿದೇ ಚಕ್ಕೆ ಸುಲಿಯಬೇಕಿತ್ತು. ರೋಗಿಯ ಜೀವವೋ ಕಾಡೋ ಎಂಬ ಜಗಳ ಅಲ್ಲಿ ನಡೆಯಿತು.

ಬಿಡಿಸಿದ್ದು ಎಲೆ. ಫ್ರಾನ್ಸಿನ ಪಿಯರ್ ಪೋತಿಯೇ ಅವರ ತಂಡ ಯುರೋಪಿನ ಯೂ ಮರದ ಸೂಜಿ ಎಲೆಯಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಅಂಶ ಕಂಡರು. ಅದನ್ನು ರಾಸಾಯನಿಕವಾಗಿ ಔಷಧವಾಗಿ ಮಾರ್ಪಡಿಸುವ ದಾರಿ ಸಿಕ್ಕಿತು. ಬೇಲಿ ಕತ್ತರಿಸಿದ ಹಾಗೆ ಎಲೆ ಕತ್ತರಿಸಿ ಔಷಧ ಮಾಡಿದರು. ಚಕ್ಕೆಯ ಕೊಯ್ಲು ಕೆಲವೇ ವರ್ಷಗಳಲ್ಲಿ ನಿಂತಿತು. ಆದರೆ ಒಂದು ಮಾತು. ಎಲೆಯಲ್ಲಿ ಇದ್ದದ್ದು ಅದೇ ಔಷಧ ಅಲ್ಲ, ಅದರ ಕಚ್ಚಾ ರೂಪ. ಮನೆಯ ಕಷಾಯದ ಪಾತ್ರೆಯಲ್ಲಿ ಆ ಕೆಲಸ ಆಗುವುದಿಲ್ಲ. ಯೂ ಎಲೆ ತಿಂದರೆ ವಿಷ.

ನಮ್ಮ ಸ್ಥಿತಿಗೆ ಹೆಚ್ಚು ಹತ್ತಿರದ್ದು ದಕ್ಷಿಣ ಆಫ್ರಿಕಾದ ಕತೆ. ಅಲ್ಲಿ ವಾರ್ಬರ್ಜಿಯಾ ಎಂಬ ಮರದ ಖಾರದ ಚಕ್ಕೆ ಕೆಮ್ಮು ನೆಗಡಿಗೆ ಮನೆಮದ್ದು. ಚಕ್ಕೆಗಾಗಿಯೇ ಮರಗಳು ಖಾಲಿಯಾಗುತ್ತಾ ಬಂದವು. ನಾಟಾಲ್ ವಿಶ್ವವಿದ್ಯಾಲಯದವರು ಇಂಥ ಹಲವು ಗಿಡಗಳ ಎಲೆಯನ್ನು ಚಕ್ಕೆಯ ಜೊತೆ, ಗೆಡ್ಡೆಯ ಜೊತೆ ಹೋಲಿಸಿ 2000ರಲ್ಲಿ ಪ್ರಕಟಿಸಿದರು. ವಾರ್ಬರ್ಜಿಯಾದಲ್ಲಿ ಎಲೆಗೂ ಚಕ್ಕೆಗೂ ಒಳ್ಳೆಯ ಹೋಲಿಕೆ ಇತ್ತು. ಎಲ್ಲ ಗಿಡಗಳಲ್ಲೂ ಅಷ್ಟು ಹೋಲಿಕೆ ಇರಲಿಲ್ಲ. ಅಲ್ಲಿನ ಉತ್ತರವೂ ಗಿಡ ಗಿಡಕ್ಕೆ ಬೇರೆಯೇ.

ಎಲೆ ಬೇರಿಗೆ ಸಮ ಅಂತ ಲ್ಯಾಬ್‌ನಲ್ಲಿ ಹೇಗೆ ಹೇಳ್ತಾರೆ?

ಮೊದಲು ಗಿಡ ಅದೇ ಎಂದು ಖಚಿತ ಮಾಡಬೇಕು. ಆಮೇಲೆ ಎರಡೂ ಭಾಗದ ಸತ್ವ ತೆಗೆದು ತೆಳುಪದರದ ಹಾಳೆಯ ಮೇಲೆ ಪಕ್ಕ ಪಕ್ಕ ಓಡಿಸುತ್ತಾರೆ. ಒಳಗಿನ ಅಂಶಗಳು ಪಟ್ಟಿ ಪಟ್ಟಿಯಾಗಿ ಮೂಡುತ್ತವೆ, ಬೆರಳಚ್ಚಿನ ಹಾಗೆ. ಹೋಲಿಕೆ ಇದ್ದರೆ ಮುಖ್ಯ ಅಂಶ ಎಷ್ಟಿದೆ ಎಂದು ಅಳೆಯುತ್ತಾರೆ. ನಂತರ ಬಾವು, ನೋವು, ರೋಗಾಣುಗಳ ಮೇಲೆ ಎರಡೂ ಒಂದೇ ರೀತಿ ಕೆಲಸ ಮಾಡುತ್ತವಾ ಎಂದು ನೋಡುತ್ತಾರೆ. ಹೊಸ ಭಾಗದಲ್ಲಿ ಬೇರಿನಲ್ಲಿ ಇಲ್ಲದ ವಿಷ ಏನಾದರೂ ಇದೆಯಾ ಎಂಬ ಪರೀ​ಕ್ಷೆ ಬೇರೆ. ಕೊನೆಗೆ ರೋಗಿಗಳಲ್ಲಿ.

ಹೆಚ್ಚಿನ ಸಂಶೋಧನೆ ಮೂರನೇ ಹೆಜ್ಜೆಗೆ ನಿಲ್ಲುತ್ತದೆ. ಪಟ್ಟಿ ಹೊಂದಿದರೆ ಗುಣ ಹೊಂದಿತು ಎಂದು ಪತ್ರಿಕೆಯಲ್ಲಿ ಬರೆದುಬಿಡುತ್ತಾರೆ. ಅಷ್ಟು ಅವಸರ ಬೇಡ.

ಅಂಗಡಿಯ ಅರಿಷ್ಟದಲ್ಲಿ ಬೇರು ಹಾಕಿದ್ದಾರಾ ಚಕ್ಕೆ ಹಾಕಿದ್ದಾರಾ ಅಂತ ಗೊತ್ತಾಗುತ್ತಾ?

ಲೇಬಲ್ ಓದಿ. ಔಷಧ ನಿಯಮಗಳ ಪ್ರಕಾರ ಆಯುರ್ವೇದ ಔಷಧದ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ, ಪ್ರಮಾಣ ಮೂರನ್ನೂ ಬರೆಯಬೇಕು. ಅಕ್ಷರ ಸಣ್ಣದಿರುತ್ತದೆ, ಆದರೂ ಓದಿ. ಭಾಗ ಬರೆದಿಲ್ಲ ಎಂದರೆ ಕಂಪನಿಗೆ ಪತ್ರ ಬರೆದು ಕೇಳಿ. ಕೇಳುವವರು ಹೆಚ್ಚಾದರೆ ಉತ್ತರ ಕೊಡಲೇಬೇಕಾಗುತ್ತದೆ.

ನಾನು ಸಣ್ಣ ಔಷಧ ಘಟಕ ನಡೆಸ್ತೀನಿ. ಬೇರಿನ ಬದಲು ಕಡ್ಡಿ ಹಾಕಬಹುದಾ?

ಶಾಸ್ತ್ರೀಯ ಔಷಧದ ಹೆಸರಿನಲ್ಲಿ ಹಾಕುವಂತಿಲ್ಲ. 1940ರ ಔಷಧ ಕಾಯ್ದೆ ಒಪ್ಪಿದ ಗ್ರಂಥಗಳಲ್ಲಿ ಹೇಳಿದ ಭಾಗವೇ ಇರಬೇಕು. ಭಾಗ ಬದಲಿಸಿದರೆ ಅದು ನಿಮ್ಮ ಸ್ವಂತ ಯೋಗ, ಅಂದರೆ ನಿಮ್ಮದೇ ಮಿಶ್ರಣ, ಎಂದಾಗುತ್ತದೆ. ಬೇರೆ ಹೆಸರು, ಬೇರೆ ಪರವಾನಗಿ, ಸುರಕ್ಷತೆಯ ದಾಖಲೆ ಬೇಕು. ಕಷ್ಟ ನಿಜ. ಆದರೆ ಹೇಳದೆ ಬದಲಿಸುವುದು ರೋಗಿಗೆ ಮಾಡುವ ಮೋಸ.

ನಾನು ನಾಟಿವೈದ್ಯ. ಪಾಠ ಬಂದಿದ್ದು ಬೇರಿಗೆ. ನಾನೇನು ಮಾಡ್ಲಿ ಹೇಳಿ.

ನಿಮ್ಮ ಪಾಠ ಬಿಡಿ ಎಂದು ನಾನು ಹೇಳುವುದಿಲ್ಲ. ಒಬ್ಬರಿಗೆ ಒಂದು ತುಂಡು ತರುವ ನಿಮ್ಮಿಂದ ಕಾಡು ಖಾಲಿಯಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಕೂಡ ಊರಿನ ವೈದ್ಯರ ಬಳಕೆಗೆ ವಿನಾಯಿತಿ ಕೊಟ್ಟಿದೆ. ಆದರೂ ಎರಡು ವಿನಂತಿ. ಮರದ ಬೇರು ಬೇಕಾದರೆ ಬೊಡ್ಡೆಯಿಂದ ದೂರದ ಪಕ್ಕದ ಬೇರು ತೆಗೆಯಿರಿ, ತಾಯಿಬೇರು ಮುಟ್ಟಬೇಡಿ. ಎಲೆ ಅಥವಾ ಕಡ್ಡಿಯಿಂದಲೂ ಗುಣ ಕಂಡ ನೆನಪು ನಿಮಗಿದ್ದರೆ, ಅಥವಾ ಗುಣ ಕಾಣದ ನೆನಪಿದ್ದರೂ ಸರಿ, ಅದನ್ನು ಬರೆದಿಡಿ. ಯಾವ ಗಿಡ, ಎಷ್ಟು, ಯಾವ ತಿಂಗಳು, ಏನಾಯಿತು ಎಂದು. ಲ್ಯಾಬಿನವರಿಗೆ ಎಲ್ಲಿಂದ ಶುರುಮಾಡಬೇಕೆಂದು ಹೇಳಬಲ್ಲವರು ನೀವೇ.

ಇಷ್ಟೆಲ್ಲ ಯಾಕೆ? ಬೆಳೆಸಿದ್ರೆ ಮುಗೀತಲ್ವಾ?

ಬೆಳೆಸಲೇಬೇಕು. ಆದರೆ ತಿಗಡು, ಪಾದರಿ ಬೆಳೆದು ಬೇರು ಕೊಡುವಷ್ಟು ದೊಡ್ಡದಾಗಲು ವರ್ಷಗಳು ಹಿಡಿಯುತ್ತವೆ. ಯಾವ ರೈತ ಅಷ್ಟು ಕಾಲ ಕಾದು, ಒಂದೇ ಸಲ ಮರ ಕಿತ್ತು ಮಾರಿ ಸುಮ್ಮನಾಗುತ್ತಾನೆ? ಕಡ್ಡಿಗೆ ಬೆಲೆ ಬಂದರೆ ವರ್ಷ ವರ್ಷ ಆದಾಯ. ಭಾಗ ಬದಲಿಸುವುದಕ್ಕೂ ಬೆಳೆಸುವುದಕ್ಕೂ ಇರುವ ನಂಟು ಇದು. ಬೆಳೆಸಿದರೂ ಕಾಡಿನ ಮೂಲ ಗಿಡಗಳು ಬೇಕು, ಹೊಸ ಬೀಜ, ಹೊಸ ತಳಿ ಅಲ್ಲಿಂದಲೇ ಬರಬೇಕು. ಕರ್ನಾಟಕ ಅರಣ್ಯ ಇಲಾಖೆ ಮತ್ತು ದೇಸಿ ವೈದ್ಯ ಪರಂಪರೆಗಾಗಿ ದುಡಿಯುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಿಂದ ಕಾಡಿನೊಳಗೇ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿ ಕಾಪಾಡುತ್ತಿರುವುದು ಇದಕ್ಕೇ.

ನಮ್ಮ ಹಿತ್ತಲು ಚಿಕ್ಕದು. ಒಂದೇ ಮರ ನೆಡೋದಾದ್ರೆ ಯಾವುದು ಕೊಡ್ತೀರಿ?

ತಿಗಡು ಕೊಡುತ್ತೇನೆ. ಕತ್ತಿಯ ಹಾಗೆ ಉದ್ದದ ಕಾಯಿ ಬಿಡುತ್ತದೆ. ಒಡೆದಾಗ ಒಳಗಿಂದ ತೆಳ್ಳನೆ ಕಾಗದದಂಥ ರೆಕ್ಕೆಯ ಬೀಜಗಳು ಹಾರುತ್ತವೆ. ಜಾಗ ಹೆಚ್ಚು ತಿನ್ನುವುದಿಲ್ಲ, ಕೊಂಬೆ ಕಡಿಮೆ. ಮಳೆ ಹಿಡಿದ ಮೇಲೆ ಮೊಳದಗಲ ಗುಂಡಿ ತೋಡಿ, ಗೊಬ್ಬರ ಮಣ್ಣು ಬೆರೆಸಿ ನೆಡಿ. ಮೊದಲ ಎರಡು ಬೇಸಿಗೆ ನೀರು ಕೊಡಿ, ದನ ಬಾಯಿ ಹಾಕದಂತೆ ಬೇಲಿ ಕಟ್ಟಿ. ಕಾಯಿ ಬಲಿತಾಗ ಒಂದು ಮುಷ್ಟಿ ಬೀಜ ನಮಗೂ ಕಳಿಸಿ.